ಕೆಟ್ಟ ಟ್ಯೂಬ್‌ಲೈಟ್ ಕದ್ದವಳು

ನನ್ನ ಹೆಂಡತಿ ಕಳ್ಳತನ ಮಾಡಿದ್ದು ನಿಜ. ಹಾಡಹಗಲೇ, ಗಿರಣಿಯ ದೊಡ್ಡ ಗೇಟಿನಿಂದಲೇ, ಕಾವಲುಗಾರನ ಕಣ್ಣೆದುರೇ ಕದ್ದಳು. ಕದ್ದ ಮಾಲು ಹೊತ್ತ ಗಾಡಿ ನನ್ನದು, ಓಡಿಸಿದವನೂ ನಾನೇ. ಟೀ ಅಂಗಡಿಯಲ್ಲಿ ಈ ಕತೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕೆಲವರ ಬಾಯಲ್ಲಿ ತಾಮ್ರದ ತಂತಿ ಹೋಗಿದೆ, ಕೆಲವರ ಬಾಯಲ್ಲಿ ಮೋಟಾರೇ ಹೋಗಿದೆ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನ. ಹೋದದ್ದು ಕೆಟ್ಟುಹೋದ ಟ್ಯೂಬ್‌ಲೈಟುಗಳು, ಬೇರೇನೂ ಅಲ್ಲ. ಜೊತೆಯಲ್ಲಿದ್ದವನು ನಾನಾದ್ದರಿಂದ ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುತ್ತೇನೆ. ಕೇಳಿದ ಮೇಲೂ ಅವಳನ್ನು ಕಳ್ಳಿ ಅನ್ನುವವರು ಧಾರಾಳವಾಗಿ ಅನ್ನಲಿ. ಅವಳಿಗೇನೂ ಬೇಸರವಿಲ್ಲ, ನನಗಂತೂ ಹೆಮ್ಮೆ.

ಗಿರಣಿಯಲ್ಲಿ ಅವಳಿಗೆ ಏಣಿ ಅಂತ ಹೆಸರು. ಎದುರಿಗೆ ಏಣಿಯಕ್ಕ, ಬೆನ್ನ ಹಿಂದೆ ಬರೀ ಏಣಿ. ಅಷ್ಟು ಎತ್ತರ. ನಾನು ಅವಳ ಭುಜಕ್ಕೆ ಬರುತ್ತೇನೆ, ಅದೂ ಚಪ್ಪಲಿ ಹಾಕಿಕೊಂಡರೆ. ಮದುವೆಯ ಫೋಟೊದಲ್ಲಿ ನಾನು ನಿಂತಿದ್ದೇನೆ, ಅವಳು ಕುರ್ಚಿಯಲ್ಲಿ ಕೂತಿದ್ದಾಳೆ. ಫೋಟೊ ತೆಗೆದವನು ನನ್ನ ಮಾನ ಉಳಿಸಿದ ಪುಣ್ಯಾತ್ಮ. ನನ್ನದು ಸಾಮಾನು ಸಾಗಿಸುವ ಸಣ್ಣ ಗಾಡಿ. ಮಂಚ, ಬೀರು, ಸಿಮೆಂಟು, ಯಾರು ಏನು ಹೇರಿದರೂ ಒಯ್ಯುತ್ತೇನೆ. ಅವಳು ನೂಲಿನ ಗಿರಣಿಯ ಕರೆಂಟ್ ಸೆಕ್ಷನ್ನಿನವಳು. ಆ ಸೆಕ್ಷನ್ನಿನಲ್ಲಿ ಅವಳೊಬ್ಬಳೇ ಹೆಂಗಸು.

ಆ ಕೆಲಸ ಅವಳಿಗೆ ಯಾರೂ ಕರೆದು ಕೊಟ್ಟದ್ದಲ್ಲ. ಗಿರಣಿಗೆ ಸೇರಿದ್ದು ನೂಲು ಸುತ್ತುವ ಬಾಬಿನ್‌ಗಳ ಬುಟ್ಟಿ ಹೊರುವುದಕ್ಕೆ. ಅವಳು ನಿಲ್ಲುವ ಜಾಗದ ಮೇಲೆ ಒಂದು ಟ್ಯೂಬು ಪಿಳಿಪಿಳಿ ಅನ್ನುತ್ತಾ ಕಣ್ಣು ತಿನ್ನುತ್ತಿತ್ತಂತೆ. ಹೇಳಿ ಹೇಳಿ ಸಾಕಾಗಿ, ಬುಟ್ಟಿ ಬೋರಲು ಹಾಕಿ, ಮೇಲೆ ಹತ್ತಿ, ಟ್ಯೂಬು ತಿರುಗಿಸಿ ಕೈಗೆ ತೆಗೆದುಕೊಂಡುಬಿಟ್ಟಳು. ಅದೇ ಹೊತ್ತಿಗೆ ಸರಿಯಾಗಿ ಮೇಸ್ತ್ರಿ ಬಂದರು. ಕರೆಂಟ್ ಸೆಕ್ಷನ್ನಿಗೆ ಅವರೇ ಹಿರಿಯರು. ಗಿರಣಿಯಲ್ಲಿ ಮ್ಯಾನೇಜರ್ ಮಾತಿಗಿಂತ ಅವರ ಕೆಮ್ಮಿಗೆ ಜಾಸ್ತಿ ಬೆಲೆ. ಎಲ್ಲರೆದುರು ಅವಳನ್ನು ಚೆನ್ನಾಗಿ ಬೈದರು. ಬೈದು ಮುಗಿಸಿ, ಮೇಲಿಂದ ಕೆಳಗೆ ಒಮ್ಮೆ ನೋಡಿ, "ಏಣಿ ಹೊತ್ತು ತಿರುಗೋದು ತಪ್ಪುತ್ತೆ, ನಾಳೆಯಿಂದ ನಮ್ಮ ಕಡೆ ಬಾ" ಅಂದರು. ಫ್ಯೂಸು ಕಟ್ಟುವುದರಿಂದ ಹಿಡಿದು ಮೋಟಾರಿನ ಸದ್ದು ಕೇಳಿ ರೋಗ ಹೇಳುವವರೆಗೆ ಎಲ್ಲ ಕಲಿಸಿದವರು ಅವರೇ. ಆದ್ದರಿಂದಲೇ ಮುಂದೆ ಅವಳು ಅವರಿಗೇ ಎದುರು ನಿಂತಾಗ ಇಡೀ ಗಿರಣಿ, ಉಂಡ ಮನೆಗೆ ಎರಡು ಬಗೆಯುವವಳು, ಅಂದಿತು.

ಅವಳು ಎದುರು ನಿಂತದ್ದು ಒಂದು ಆಟದ ವಿಷಯಕ್ಕೆ. ವರ್ಷಕ್ಕೊಮ್ಮೆ ಗಿರಣಿ ಒಂದು ವಾರ ನಿಲ್ಲುತ್ತದೆ. ಯಂತ್ರಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೂರಿಸುವ ವಾರ. ಅದರ ಕೊನೆಯ ಮಧ್ಯಾಹ್ನ ಕರೆಂಟ್ ಸೆಕ್ಷನ್ನಿನವರು ಭರ್ಜಿ ಆಟ ಆಡುತ್ತಾರೆ. ವರ್ಷವಿಡೀ ಇಳಿಸಿದ ಕೆಟ್ಟ ಟ್ಯೂಬುಗಳು ಗಿರಣಿಯ ಹಿಂಭಾಗದ ಟ್ಯೂಬಿನ ಕೋಣೆಯಲ್ಲಿ ಬಿದ್ದಿರುತ್ತವಲ್ಲ, ಅವನ್ನು ತಂದು ಹಿತ್ತಿಲ ಗೋಡೆಗೆ ಭರ್ಜಿಯ ಹಾಗೆ ಬೀಸಿ ಎಸೆಯುವುದು. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ದೊಡ್ಡ ವೃತ್ತ ಇದೆ. ಟ್ಯೂಬು ಅದರೊಳಗೆ ಬಿದ್ದರೆ ಶಿಳ್ಳೆ, ಹೊರಗೆ ಬಿದ್ದರೆ ಎಸೆದವನ ಮನೆತನದ ಜಾತಕವೆಲ್ಲ ಹೊರಗೆ. ಟ್ಯೂಬು ಒಡೆಯುವ ಸದ್ದು ಕೇಳಿದವರಿಗೆ ಗೊತ್ತು, ಟಪ್ ಅಂದ ಕೂಡಲೇ ಮನಸ್ಸು ಹಗುರ ಆಗುತ್ತದೆ. ವರ್ಷವಿಡೀ ಎಲ್ಲರಿಂದಲೂ ಬೈಸಿಕೊಳ್ಳುವ ಜನಕ್ಕೆ ಏನನ್ನಾದರೂ ಒಡೆಯಲು ಸಿಗುವುದು ಅದೊಂದೇ ದಿನ. ಬಿಳಿ ಹೊಗೆಯಂಥ ಪುಡಿ ಏಳುತ್ತದೆ, ಚಪ್ಪಾಳೆ ಬೀಳುತ್ತದೆ. ಮೇಸ್ತ್ರಿಯ ಗುರಿ ಒಮ್ಮೆಯೂ ತಪ್ಪಿದ್ದನ್ನು ಯಾರೂ ನೋಡಿಲ್ಲ.

ಆ ಗೋಡೆಯ ಆಚೆ ಮೊದಲು ಬಯಲು. ಆಮೇಲೆ ಗಿರಣಿಯವರು ಅಲ್ಲೊಂದು ಕೂಸಿನ ಮನೆ ಕಟ್ಟಿಸಿದರು, ಕೆಲಸಕ್ಕೆ ಬರುವ ಹೆಂಗಸರು ಮಕ್ಕಳನ್ನು ಬಿಡಲಿ ಅಂತ. ಒಳ್ಳೆಯ ಕಟ್ಟಡ. ಅಂಗಳದಲ್ಲಿ ಮರಳು, ಎರಡು ಉಯ್ಯಾಲೆ, ಒಂದು ಜಾರುಬಂಡೆ. ಕಟ್ಟಿದವರಿಗೆ ಆಟ ಗೊತ್ತಿರಲಿಲ್ಲ, ಆಡುವವರಿಗೆ ಆಚೆ ಏನಿದೆ ಅನ್ನುವ ಯೋಚನೆ ಇರಲಿಲ್ಲ. ಗೋಡೆಯ ಬುಡದಲ್ಲಿ ಮಳೆನೀರು ಹರಿದುಹೋಗಲು ಕಿಂಡಿಗಳಿವೆ. ಒಡೆದ ದೊಡ್ಡ ಚೂರುಗಳನ್ನು ಗುಡಿಸುತ್ತಿದ್ದರು, ಸಣ್ಣದು ಅಲ್ಲೇ ಉಳಿಯುತ್ತಿತ್ತು. ಮಳೆ ಬಂದಾಗ ಅದೆಲ್ಲ ಕಿಂಡಿಯಿಂದ ನುಸುಳಿ ಆಚೆಯ ಮರಳಿಗೆ ಹೋಗುತ್ತಿತ್ತು.

ನಮ್ಮ ಮಗಳೂ ಅದೇ ಗಿರಣಿಯಲ್ಲಿ ನೂಲು ಸುತ್ತುವ ಕಡೆ ಇದ್ದಾಳೆ. ಅವಳ ಮಗಳು ಪುಟ್ಟಿ ಆ ಕೂಸಿನ ಮನೆಯಲ್ಲಿ ದಿನ ಕಳೆಯುತ್ತಾಳೆ. ಒಂದು ಸಂಜೆ ನಾನು ಪುಟ್ಟಿಯನ್ನು ಕರೆದುಕೊಂಡು ಬಂದು ಹೊಸ್ತಿಲಲ್ಲಿ ಇಳಿಸಿದೆ. ಅಜ್ಜಿಯನ್ನು ಕಂಡದ್ದೇ ಮಗು ಓಡಿಹೋಗಿ ಮುಖ ಎತ್ತಿ ನಿಂತಿತು. ಕೆನ್ನೆ, ಹಣೆ, ಮೂಗಿನ ತುದಿ ಎಲ್ಲ ಬಿಳಿ.

"ಅಜ್ಜಿ, ನಾನು ಪೌಡರ್ ಹಾಕ್ಕೊಂಡೆ! ಚೆನ್ನಾಗಿದೀನಾ?"

"ನನ್ನ ಬಂಗಾರ. ಪೌಡರ್ ಯಾರು ಕೊಟ್ರು?"

"ಗೋಡೆ ಕೊಡ್ತು."

ನಾನು ನಕ್ಕೆ. ಟ್ಯೂಬ್‌ಲೈಟ್ ಹತ್ತುವುದು ನಿಧಾನ ಅನ್ನುತ್ತಾರಲ್ಲ, ನಾನು ಆ ಜಾತಿ. ಅವಳು ನಗಲಿಲ್ಲ. ಮಗುವಿನ ಜೇಬಿಗೆ ಕೈ ಹಾಕಿದಳು. ಟ್ಯೂಬಿನ ತುದಿಗೆ ಇರುವ ಬೆಳ್ಳಿ ಬಣ್ಣದ ಟೋಪಿ ಸಿಕ್ಕಿತು, ಅದರೊಳಗೆ ಬಿಳಿ ಪುಡಿ ತುಂಬಿತ್ತು. ಮಗುವಿನ ಪೌಡರ್ ಡಬ್ಬಿ ಅದು. ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಹೊರಟೇಬಿಟ್ಟಳು.

ಕ್ಲಿನಿಕ್ಕಿನ ಡಾಕ್ಟರಮ್ಮ ಒಳ್ಳೆಯವರು. ಮಗುವಿನ ಮುಖ, ಕೈ, ಉಗುರಿನ ಸಂದಿ ಎಲ್ಲ ತೊಳೆಸಿದರು, ಬಟ್ಟೆ ಬದಲಾಯಿಸಿ ಹಳೆಯದನ್ನು ಚೀಲದಲ್ಲಿ ಕಟ್ಟಿಸಿದರು, ಪರೀಕ್ಷೆಗೆ ಬರೆದರು. ಆಮೇಲೆ ನಮ್ಮನ್ನು ಕೂರಿಸಿ ತಿಳಿಹೇಳಿದರು. ಟ್ಯೂಬಿನೊಳಗೆ ಚೂರೇ ಚೂರು ಪಾದರಸ ಇರುತ್ತದೆ. ಟ್ಯೂಬು ಇಡಿಯಾಗಿ ಇರುವವರೆಗೆ ಯಾರಿಗೂ ಏನೂ ಮಾಡುವುದಿಲ್ಲ. ಒಡೆದರೆ ಕಣ್ಣಿಗೆ ಕಾಣದ ಆವಿ ಗಾಳಿಗೆ ಸೇರುತ್ತದೆ, ಉಳಿದದ್ದು ಪುಡಿಗೆ ಅಂಟಿಕೊಂಡು ಮಣ್ಣಿಗೆ ಹೋಗುತ್ತದೆ.

"ಒಂದು ಸಲ ಆಗಿದ್ದಕ್ಕೆ ಹೆದರಬೇಡಿ. ಆದ್ರೆ ದಿನಾ ಅದರಲ್ಲೇ ಆಡಿದ್ರೆ ಮಕ್ಕಳಿಗೆ ಒಳ್ಳೇದಲ್ಲ. ಮೂತ್ರಪಿಂಡ, ನರ, ಮಿದುಳು, ಎಲ್ಲ ಬೆಳೆಯೋ ವಯಸ್ಸು. ಆ ಮರಳಿಂದ ದೂರ ಇಡಿ" ಅಂದರು.

"ನಮ್ಮ ಮಗೂನ ದೂರ ಇಡಬಹುದು. ಮಿಕ್ಕ ಮಕ್ಕಳು?" ಅಂದಳು ನನ್ನ ಹೆಂಡತಿ.

ಡಾಕ್ಟರಮ್ಮ ಪರೀಕ್ಷೆಯ ಚೀಟಿ ಮಡಚಿ ನನ್ನ ಕೈಗಿಟ್ಟರು. ಅವರೇನು ಗಿರಣಿ ನಡೆಸುತ್ತಾರೆಯೇ ಪಾಪ.

ಮಾರನೆಯ ದಿನ ಅವಳು ಮೊದಲು ಕೂಸಿನ ಮನೆಗೆ ಹೋಗಿ, ಮಕ್ಕಳನ್ನು ಆ ಗೋಡೆಯ ಕಡೆ ಬಿಡಬೇಡಿ ಅಂತ ಅಲ್ಲಿಯ ಆಯಾಗೆ ಹೇಳಿದಳು. ಆಮೇಲೆ ಟ್ಯೂಬಿನ ಕೋಣೆಗೆ ಬೀಗ ಜಡಿದಳು. ಕೋಣೆಯ ಕೀಲಿ ಅವಳ ಹತ್ತಿರ ಇರುವುದು ಮೊದಲಿನಿಂದಲೂ ರೂಢಿ, ಆದರೆ ಬೀಗ ಅನ್ನುವುದು ಬಾಗಿಲಿಗೆ ಅಲಂಕಾರಕ್ಕೆ ತೂಗುತ್ತಿತ್ತು ಅಷ್ಟೆ. ಆ ವರ್ಷ ಅರ್ಧ ಗಿರಣಿಗೆ ಹೊಸ ಎಲ್‌ಇಡಿ ದೀಪ ಹಾಕಿದ್ದರಿಂದ ಒಳಗೆ ಹಿಂದೆಂದೂ ಇಲ್ಲದಷ್ಟು ಹಳೇ ಟ್ಯೂಬು. ಆಟಗಾರರು ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದರು. ಗಿರಣಿ ನಿಲ್ಲುವ ವಾರ ಹತ್ತಿರ ಬರುತ್ತಿತ್ತು. ಇವಳು ಮೇಸ್ತ್ರಿಯ ಮುಂದೆ ಹೋಗಿ, ಪುಟ್ಟಿಯ ಪೌಡರ್ ಕತೆಯನ್ನೂ ಡಾಕ್ಟರಮ್ಮನ ಮಾತನ್ನೂ ಪೂರ್ತಿ ಹೇಳಿ, "ಈ ಸಲ ಆಟ ಬೇಡ ಮೇಸ್ತ್ರಿ" ಅಂದಳು.

"ನಾನು ಈ ಆಟ ಆಡ್ತಾ ಕೂದಲು ಬೆಳ್ಳಗಾಯ್ತು. ನನಗೇನಾಗಿದೆ ನೋಡು" ಅಂತ ಅವರು ತೋಳು ಚಾಚಿ ತೋರಿಸಿದರು. ಕೈ ಒಂದಿಷ್ಟೂ ನಡುಗಲಿಲ್ಲ.

"ನಿಮ್ಮ ಕೈ ಗಟ್ಟಿ ಇದೆ, ನನಗೂ ಸಂತೋಷ. ಆಚೆ ಇರೋರ ಕೈ ಇನ್ನೂ ಬೆಳೀತಾ ಇದೆ."

"ಹೇಳಿಕೊಟ್ಟವನಿಗೇ ಹೇಳ್ಕೊಡ್ತೀಯಾ?"

"ಗೊತ್ತಿಲ್ದೆ ಮಾಡಿದ್ದು ಬೇರೆ. ಈಗ ಗೊತ್ತಾಯ್ತಲ್ಲ. ಗೊತ್ತಿದ್ದೂ ಮಾಡಿದ್ರೆ ಅದಕ್ಕೆ ಆಟ ಅನ್ನಲ್ಲ."

ಅಲ್ಲಿಂದ ಅವಳ ಬುತ್ತಿಯ ಪಕ್ಕ ಯಾರೂ ಬುತ್ತಿ ಬಿಚ್ಚಲಿಲ್ಲ. ಅವಳು ಬಂದರೆ ಮಾತು ನಿಲ್ಲುತ್ತಿತ್ತು, ಹೋದರೆ ನಗು ಶುರುವಾಗುತ್ತಿತ್ತು. ಅವಳೇನೂ ಕರಗಲಿಲ್ಲ. ಒಬ್ಬಳೇ ಕೂತು ಉಂಡಳು, ಎಂದಿಗಿಂತ ಒಂದು ತುತ್ತು ಜಾಸ್ತಿಯೇ ಉಂಡಳು ಅಂತ ಮಗಳು ಬಂದು ಹೇಳಿದಳು.

ಮ್ಯಾನೇಜರ್ ಸಾಹೇಬರ ಕೋಣೆಗೂ ಹೋದಳು. ಕಾನೂನು ಅವರಿಗೆ ಗೊತ್ತಿಲ್ಲದ್ದೇನಲ್ಲ. ಇಂಥ ಟ್ಯೂಬುಗಳನ್ನು ಕಸಕ್ಕೆ ಹಾಕಬಾರದು, ಒಡೆಯಬಾರದು, ಹೂಳಬಾರದು, ಪರವಾನಗಿ ಇದ್ದವರಿಗೆ ಇಡಿಯಾಗಿ ಒಪ್ಪಿಸಬೇಕು, ಇದೆಲ್ಲವನ್ನೂ ಅವರೇ ಇವಳಿಗೆ ಓದಿ ಹೇಳಿದರಂತೆ. ಹೇಳಿ, "ಅದಕ್ಕೆಲ್ಲ ಓಡಾಡೋರು ಯಾರಮ್ಮ? ಗಿರಣಿ ತೆರೆದ ಮೇಲೆ ತಪಾಸಣೆಯವರು ಬರ್ತಾರೆ. ಅಷ್ಟರೊಳಗೆ ಆ ಕೋಣೆ ಖಾಲಿ ಆಗಬೇಕು. ವರ್ಷಾ ವರ್ಷಾ ಹೇಗೆ ಖಾಲಿ ಮಾಡ್ತಿದ್ರೋ ಹಾಗೇ ಮಾಡಿ" ಅಂದರು. ಅದೇ ವಾರ ಸುರಕ್ಷತೆಯ ಮೀಟಿಂಗಿನಲ್ಲಿ ಇಡೀ ಗಿರಣಿಯ ಮುಂದೆ ಮೈಕು ಹಿಡಿದು, "ನಮ್ಮಲ್ಲಿ ಒಂದೇ ಒಂದು ಹಳೇ ಟ್ಯೂಬ್ ಕೂಡ ಇಲ್ಲ" ಅಂತ ಘೋಷಿಸಿದರು. ಇವಳು ಹಿಂದಿನ ಸಾಲಿನಲ್ಲಿ ನಿಂತು ಕೀಲಿ ಮುಟ್ಟಿ ನೋಡಿಕೊಂಡಳಂತೆ.

ನಮ್ಮ ಮನೆಯಲ್ಲಿ ಆ ರಾತ್ರಿ ಜಗಳ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಉಂಡ ಮೇಲೆಯೇ ಶುರುವಾಯಿತು.

"ಕೆಲಸ ಹೋಗುತ್ತೆ ಕಣೇ. ನಿಂದು ಮಾತ್ರ ಅಲ್ಲ, ಮಗಳ ಮೇಲೂ ಕಣ್ಣು ಬೀಳುತ್ತೆ. ಬೆಕ್ಕಿಗೆ ಗಂಟೆ ಕಟ್ಟೋಕೆ ನೀನೇ ಆಗಬೇಕಾ?"

"ಬೇರೆ ಯಾರಾದ್ರೂ ಕಟ್ಟೋರಿದ್ರೆ ಇಷ್ಟೊತ್ತಿಗೆ ಗಂಟೆ ಸದ್ದು ಕೇಳಿರೋದು ರೀ."

"ಪುಟ್ಟೀನ ಪಕ್ಕದ ಮನೇಲಿ ಬಿಡೋಣ. ನಮ್ಮ ಮಗು ಸುರಕ್ಷಿತ. ಮುಗೀತಲ್ಲ?"

ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ, ಅಷ್ಟೆತ್ತರದಿಂದ, ಅದು ಯಾವ ಗಂಡನಿಗೂ ಬೇಡ. ಮಗಳು ಪಾತ್ರೆ ಒರೆಸುತ್ತಿದ್ದವಳು ತಿರುಗಿ, "ಅಪ್ಪ, ನನ್ನ ಕೆಲಸದ ಚಿಂತೆ ನಂಗಿರ್ಲಿ. ಟ್ಯೂಬ್ ಒಯ್ಯೋಕೆ ಗಾಡಿ ಕೊಡ್ತೀರೋ ಇಲ್ವೋ ಅಷ್ಟು ಹೇಳಿ" ಅಂದಳು. ತಾಯಿಗೆ ತಕ್ಕ ಮಗಳು. ಇವರಿಬ್ಬರೂ ಸೇರಿ ಮೊದಲೇ ಎಲ್ಲ ಕುದುರಿಸಿಕೊಂಡಿದ್ದಾರೆ ಅಂತ ನನಗೆ ಆಗ ಹೊಳೆಯಿತು. ನನ್ನ ಗಾಡಿಯೂ ಅದರಲ್ಲಿ ಸೇರಿತ್ತು, ನನ್ನನ್ನು ಕೇಳುವುದೊಂದು ಬಾಕಿ.

ರಜೆಯ ದಿನ ಅವಳು ನನ್ನನ್ನೂ ಎಳೆದುಕೊಂಡು ನಗರಸಭೆಯವರು ಹಳೇ ಕರೆಂಟು ಸಾಮಾನು ತೆಗೆದುಕೊಳ್ಳುವ ಶೆಡ್ಡಿಗೆ ಹೋದಳು. ಊರಾಚೆ, ಬಸ್ ಡಿಪೊದ ಹಿಂದೆ. ಅಲ್ಲಿದ್ದ ದಪ್ಪ ಕನ್ನಡಕದ ಮನುಷ್ಯ ಬಹಳ ದಿನದಿಂದ ಮಾತಾಡಲು ಯಾರೂ ಸಿಗದವನ ಹಾಗೆ ಮಾತಾಡಿದ. ಟ್ಯೂಬುಗಳನ್ನು ಅವು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ತನ್ನಿ, ಅಂಟು ಪಟ್ಟಿ ಸುತ್ತಬೇಡಿ, ಬಿಚ್ಚುವಾಗ ಒಡೆಯುತ್ತವೆ, ಅಲುಗಾಡದ ಹಾಗೆ ನಡುವೆ ಬಟ್ಟೆ ತುರುಕಿ ಅಂದ. ಇಲ್ಲಿಂದ ಅವು ಪಾದರಸ ಬೇರೆ ಮಾಡುವ ಕಾರ್ಖಾನೆಗೆ ಹೋಗುತ್ತವೆ, ಗಾಜು ಮತ್ತೆ ಗಾಜಾಗುತ್ತದೆ ಅಂದ. ಒಂದೇ ಷರತ್ತು: ಗಿರಣಿಯ ಟ್ಯೂಬನ್ನು ಗಿರಣಿಯವರೇ ಬಂದು ಒಪ್ಪಿಸಬೇಕು. ದಾರಿಹೋಕರು ತಂದರೆ ಮುಟ್ಟುವುದಿಲ್ಲ.

"ನಾನು ಗಿರಣಿಯವಳೇ" ಅಂದಳು.

ಬರುವ ದಾರಿಯಲ್ಲಿ, "ಅವರು ನಿನ್ನ ಕೆಲಸದಿಂದ ತೆಗೆಯೋ ಮೊದಲೇ ತಂದುಬಿಡಬೇಕು ಹಾಗಾದ್ರೆ" ಅಂದೆ ನಾನು. ಅಷ್ಟು ಬೇಗ ನನ್ನ ಟ್ಯೂಬು ಹತ್ತಿದ್ದು ಅದೇ ಮೊದಲು ಅಂತ ಅವಳು ನಕ್ಕಳು. ಆಮೇಲೆ ದಿನಾ ಒಂದಿಷ್ಟು ಟ್ಯೂಬುಗಳನ್ನು ಬಟ್ಟೆ ತುರುಕಿ ಅವುಗಳ ಪೆಟ್ಟಿಗೆಗೆ ತುಂಬಿಡುತ್ತಾ ಬಂದಳು.

ಗಿರಣಿ ನಿಂತ ವಾರದ ಕೊನೆಯ ಮಧ್ಯಾಹ್ನ ನಾನು ಗಾಡಿ ಹಿತ್ತಿಲಿಗೆ ತಂದು ಟ್ಯೂಬಿನ ಕೋಣೆಗೆ ಬೆನ್ನು ಮಾಡಿ ನಿಲ್ಲಿಸಿದೆ. ಸಾಮಾನು ತರುವ ಗಾಡಿ ಅಂದುಕೊಂಡು ಗೇಟಿನಲ್ಲಿ ಒಳಗೆ ಬಿಟ್ಟಿದ್ದರು. ಹಿತ್ತಿಲಲ್ಲಿ ಸೆಕ್ಷನ್ನಿನ ಗಂಡಸರೆಲ್ಲ ನೆರೆದಿದ್ದರು. ಗೋಡೆಯ ವೃತ್ತಕ್ಕೆ ಯಾರೋ ಹೊಸದಾಗಿ ಸುಣ್ಣ ಬಳಿದಿದ್ದರು. ಮೇಸ್ತ್ರಿ ಮುಂದೆ ಬಂದು ಅಂಗೈ ಚಾಚಿದರು.

"ಕೀಲಿ ಕೊಡು."

ಇವಳು ಕೊಡಲಿಲ್ಲ. ತಾನೇ ಬೀಗ ತೆಗೆದು, ಬಾಗಿಲಿಗೆ ಅಡ್ಡ ನಿಂತಳು. ಅವಳು ಅಡ್ಡ ನಿಂತರೆ ಬಾಗಿಲೇ ಬೇಡ.

"ನಿಮ್ಮ ಗುರಿ ತಪ್ಪಲ್ಲ ಅಂತ ಊರಿಗೇ ಗೊತ್ತು ಮೇಸ್ತ್ರಿ. ಒಡೆಯೋದರಲ್ಲಿ ಏನು ದೊಡ್ಡಸ್ತಿಕೆ? ಕಣ್ಣು ಮುಚ್ಕೊಂಡು ಎಸೆದ್ರೂ ಟ್ಯೂಬ್ ಒಡೆಯುತ್ತೆ, ನಮ್ಮ ಪುಟ್ಟಿ ಎಸೆದ್ರೂ ಒಡೆಯುತ್ತೆ. ಇಷ್ಟು ಟ್ಯೂಬನ್ನ ಒಂದೂ ಒಡೀದೆ ಆ ಗಾಡಿಗೆ ಹೊತ್ತು ಹಾಕಿ ನೋಡೋಣ. ಆಗ ಕೈ ಅಂದ್ರೆ ಕೈ ಅಂತೀನಿ."

ಯಾರೋ ಕಿಸಕ್ಕಂದರು. ಮೇಸ್ತ್ರಿ ತಿರುಗಿ ನೋಡಿದ್ದಕ್ಕೆ ನಗು ಗಂಟಲಲ್ಲೇ ನಿಂತಿತು. ಅವರು ಇವಳ ಕಡೆಗೆ ಒಂದು ಹೆಜ್ಜೆ ಇಟ್ಟರು. ಬೀಳುತ್ತದೆ ಈಗ ಏಟು ಅಂತ ನಾನು ಗಾಡಿಯ ಜಾಕಿನ ಕಡೆ ಕೈ ಹಾಕಿದ್ದೆ, ಸುಳ್ಳು ಯಾಕೆ. ಆದರೆ ಅವರು ಅಂಗಿಯ ತೋಳು ಮಡಚಿ ಒಳಗೆ ಹೋಗಿ, ಒಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಹೆತ್ತ ತಾಯಿಯೂ ಕೂಸನ್ನು ಅಷ್ಟು ಜೋಪಾನವಾಗಿ ಎತ್ತಿರಲಾರಳು. ಗಾಡಿಯಲ್ಲಿಟ್ಟು, "ನಂದು ಒಂದೂ ಒಡೆಯಲ್ಲ. ಇವರದ್ದು ನನಗೆ ಗೊತ್ತಿಲ್ಲ" ಅಂತ ಮಿಕ್ಕವರ ಕಡೆ ಕಣ್ಣು ಹಾಯಿಸಿದರು. ಅಷ್ಟು ಸಾಕಾಯಿತು. ಇನ್ನೊಬ್ಬನಿಗಿಂತ ನಾನೇನು ಕಮ್ಮಿ ಅಂತ ಒಬ್ಬೊಬ್ಬರೂ ಒಳಗೆ ನುಗ್ಗಿದರು.

ಅಷ್ಟು ಜನರಲ್ಲಿ ಒಬ್ಬರೂ ಒಡೆಯಲಿಲ್ಲ. ಒಡೆದವನು ನಾನು. ಬಿಡಿಯಾಗಿದ್ದ ಒಂದು ಟ್ಯೂಬು ಮೂಲೆಯಲ್ಲಿ ಒರಗಿತ್ತು, ನನ್ನ ಮೊಣಕೈ ತಾಗಿ ಟಪ್ ಅಂತು. ಅಭ್ಯಾಸಬಲ, ಪಕ್ಕದಲ್ಲಿದ್ದ ಪೊರಕೆಗೆ ಕೈ ಹಾಕಿದೆ.

"ಪೊರಕೆ ಮುಟ್ಟಬೇಡಿ!" ಅಂತ ಅವಳು ಕೂಗಿದ ಕೂಗಿಗೆ ಪೊರಕೆ ತಾನೇ ಬಿತ್ತು. "ಗುಡಿಸಿದ್ರೆ ಪುಡಿ ಎಲ್ಲ ಮೇಲೇಳುತ್ತೆ. ಎಲ್ಲರೂ ಹೊರಗೆ!"

ಕಿಟಕಿಗಳನ್ನೆಲ್ಲ ತೆರೆದು ನಮ್ಮೆಲ್ಲರನ್ನೂ ಬಿಸಿಲಿಗೆ ಅಟ್ಟಿದಳು. ಗಾಳಿಯಾಡಿದ ಮೇಲೆ ಕೈಗೆ ರಬ್ಬರ್ ಗವುಸು ಹಾಕಿ, ಗಟ್ಟಿ ರಟ್ಟಿನ ಎರಡು ತುಂಡಿನಿಂದ ಚೂರುಗಳನ್ನು ಬಳಿದು ಮುಚ್ಚಳದ ಗಾಜಿನ ಬಾಟಲಿಗೆ ಹಾಕಿದಳು. ನೆಲವನ್ನು ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿ, ಬಟ್ಟೆಯನ್ನೂ ರಟ್ಟನ್ನೂ ಅದೇ ಬಾಟಲಿಗೆ ತುರುಕಿ ಮುಚ್ಚಳ ಬಿಗಿದಳು. ಶೆಡ್ಡಿನವನು ಹೇಳಿಕೊಟ್ಟ ಹಾಗೆಯೇ ಎಲ್ಲ ಅಚ್ಚುಕಟ್ಟು. ಆದರೆ ಅದಕ್ಕೆ ಹಿಡಿದ ಹೊತ್ತಿನಲ್ಲಿ ಸುದ್ದಿ ಆಫೀಸಿಗೆ ಮುಟ್ಟಿತು. ನನ್ನ ಮೊಣಕೈಯನ್ನು ಅವಳು ಈಗಲೂ ಆಡಿಕೊಳ್ಳುತ್ತಾಳೆ.

ಖಾಲಿ ಕೋಣೆಗೆ ಅವಳು ಮತ್ತೆ ಬೀಗ ಜಡಿದಳು. ಗಾಡಿ ಗೇಟಿಗೆ ಬಂದಾಗ ಕಾವಲುಗಾರ ಕೈ ಅಡ್ಡ ಹಿಡಿದ.

"ಗೇಟ್ ಪಾಸ್ ಎಲ್ಲಿ ಅಕ್ಕ?"

"ಇಲ್ಲ."

"ಪಾಸ್ ಇಲ್ದೆ ಸಾಮಾನು ಹೋದ್ರೆ ಅದು ಕಳ್ಳತನ ಆಗುತ್ತೆ."

"ಆಗ್ಲಿ. ಏಣಿ ಕದ್ದಳು ಅಂತ ಹೇಳು. ಏನು ಕದ್ದಳು ಅಂತಾನೂ ಸರಿಯಾಗಿ ಹೇಳು, ಕೆಟ್ಟ ಟ್ಯೂಬ್‌ಲೈಟ್. ನಾಳೆ ಅದು ತಾಮ್ರದ ತಂತಿ ಆಗಬಾರ್ದು."

ಹೇಳಿದ ಮಾತು ಮುಗಿದಿರಲಿಲ್ಲ, ಮ್ಯಾನೇಜರ್ ಸಾಹೇಬರು ದಾಪುಗಾಲಿಟ್ಟು ಬಂದರು. ಹಿಂದೆ ಸೆಕ್ಷನ್ನಿನವರು, ಮೇಸ್ತ್ರಿ, ಯಂತ್ರ ತೊಳೆಯುವ ಕೆಲಸ ಮುಗಿಸಿ ಹೊರಟಿದ್ದ ಹೆಂಗಸರು, ಕೂಸಿನ ಮನೆಯಿಂದ ಮಕ್ಕಳನ್ನು ಎತ್ತಿಕೊಂಡವರು. ಗಿರಣಿಯ ಲಾರಿ ಒಳಗೆ ಬರಲಾಗದೆ ಹೊರಗಿನಿಂದ ಹಾರನ್ ಹೊಡೆಯುತ್ತಿತ್ತು.

"ಇದು ಗಿರಣಿ ಸ್ವತ್ತು! ಯಾರನ್ನ ಕೇಳಿ ಹೇರಿದೆ?"

"ಯಾವ ಸ್ವತ್ತು ಸಾರ್? ಮೊನ್ನೆ ಮೈಕಲ್ಲಿ ನೀವೇ ಹೇಳಿದ್ರಿ, ನಮ್ಮಲ್ಲಿ ಒಂದೂ ಹಳೇ ಟ್ಯೂಬ್ ಇಲ್ಲ ಅಂತ. ಇಲ್ಲದ್ದನ್ನ ನಾನು ಹೇಗೆ ಕದೀಲಿ?"

ಹೆಂಗಸರ ಕಡೆಯಿಂದ ನಗು ಎದ್ದಿತು. ನಗು ಅನ್ನುವುದು ಕೆಟ್ಟದ್ದು, ಒಮ್ಮೆ ಎದ್ದರೆ ಕೂರಿಸುವುದು ಕಷ್ಟ. ಸಾಹೇಬರ ಕಿವಿ ಕೆಂಪಾಯಿತು. ಲಾರಿಯ ಹಾರನ್ ಬೇರೆ. "ಹೋಗು" ಅಂದರು ಹಲ್ಲು ಕಚ್ಚಿ. "ಹೋದವಳು ತಿರುಗಿ ಒಳಗೆ ಬರಬೇಡ. ಕೀಲಿ ಇಟ್ಟು ಹೋಗು."

"ಕೋಣೇಲಿ ಏನೂ ಇಲ್ವಲ್ಲ ಸಾರ್, ಕೀಲಿ ಯಾಕೆ?" ಅಂದಳು. ನನ್ನ ಕಡೆ ತಿರುಗಿ, "ಹೊರಡಿ, ನಿಧಾನ" ಅಂದಳು.

ಮದುವೆಯ ಮೆರವಣಿಗೆಗಿಂತ ನಿಧಾನವಾಗಿ ಓಡಿಸಿದೆ. ಒಂದೊಂದು ಗುಂಡಿಗೂ ಅವಳು ಉಸಿರು ಬಿಗಿ ಹಿಡಿಯುತ್ತಿದ್ದಳು. ಹಿಂದಿನಿಂದ ಬಂದವರೆಲ್ಲ ಬೈದುಕೊಂಡು ಮುಂದೆ ಹೋದರು. ಶೆಡ್ಡಿನಲ್ಲಿ ಕನ್ನಡಕದವನು ಪೆಟ್ಟಿಗೆ ಬಿಚ್ಚಿ ನೋಡಿ, "ಎಲ್ಲ ಇಡಿಯಾಗೇ ಇವೆಯಲ್ಲ!" ಅಂತ ಬಾಟಲಿಯನ್ನೂ ಸೇರಿಸಿ ಎಲ್ಲ ತೆಗೆದುಕೊಂಡು, ಗಿರಣಿಯ ಹೆಸರಿಗೆ ರಸೀದಿ ಕೊಟ್ಟ. ಅವಳು ಅದನ್ನು ಮಾರನೆಯ ದಿನವೇ ಮಗಳ ಕೈಯಲ್ಲಿ ಆಫೀಸಿಗೆ ಕಳಿಸಿದಳು. ನನಗೆ ಉರಿಯಿತು. ಕೆಲಸ ಕಿತ್ತುಕೊಂಡವನ ಬಾಯಿಗೆ ಸಕ್ಕರೆ ಹಾಕುತ್ತೀಯಾ ಅಂದೆ.

"ಟ್ಯೂಬ್ ಗಿರಣೀದು, ರಸೀದಿನೂ ಗಿರಣೀದೇ. ಇಟ್ಕೊಳ್ಳೋಕೆ ನಾನೇನು ಕಳ್ಳಿನಾ?" ಅಂದಳು.

ಗಿರಣಿ ತೆರೆಯಿತು. ತಪಾಸಣೆಯವರು ಬಂದರು. ಹಳೇ ಟ್ಯೂಬು ಏನು ಮಾಡಿದಿರಿ ಅಂತ ಕೇಳಿದಾಗ ಸಾಹೇಬರು ರಸೀದಿ ಹಿಡಿದು, ನಮ್ಮವರೇ ಖುದ್ದಾಗಿ ಒಯ್ದು ಒಪ್ಪಿಸಿದರು ಅಂತ ಎದೆ ಉಬ್ಬಿಸಿದರಂತೆ. ಬಂದವರು ಭೇಷ್ ಅಂದು ಹೋದರಂತೆ. ಆ ಹೊತ್ತು ಭೇಷ್ ಅನ್ನಿಸಿಕೊಳ್ಳಬೇಕಾದವಳು ಮನೆಯಲ್ಲಿ ಕೂತು ಪುಟ್ಟಿಯ ತಲೆ ಬಾಚುತ್ತಿದ್ದಳು. ನನಗೆ ಆವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಮಗುವಿನ ಪರೀಕ್ಷೆಯಲ್ಲಿ ಹೆದರುವಂಥದ್ದೇನೂ ಇಲ್ಲ ಅಂತ ಡಾಕ್ಟರಮ್ಮ ಹೇಳಿದ್ದೊಂದೇ ಆ ದಿನಗಳಲ್ಲಿ ನಮಗೆ ಸಿಕ್ಕ ಸಮಾಧಾನ.

ನಮ್ಮವರೇ ಒಯ್ದರು ಅಂತ ಸಾಹೇಬರೇ ಹೇಳಿದ ಮೇಲೆ ಇನ್ನು ಕಳ್ಳತನ ಅನ್ನುವ ಹಾಗಿಲ್ಲ. ಆದರೂ ಗೇಟಿನ ನಗು ಸಾಹೇಬರ ಕಿವಿಯಿಂದ ಹೋಗಿರಲಿಲ್ಲ. ಎಲ್ಲರೆದುರು ತಪ್ಪಾಯಿತು ಅಂದರೆ ಒಳಗೆ ಬಿಡುತ್ತೇವೆ ಅಂತ ಹೇಳಿಕಳಿಸಿದರು. ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ನಾನೇ ಅವಳನ್ನು ಬಿಟ್ಟೆ. ಗಾಡಿಯ ಇಂಜಿನ್ ಆರಿಸಲಿಲ್ಲ. ಗೇಟಿನ ಒಳಗಡೆಯೇ ಜನ ನಿಂತಿದ್ದರು, ನನಗೆ ಎಲ್ಲ ಕಂಡು ಕೇಳುವ ಹಾಗೆ.

"ಹೇಳಮ್ಮಾ" ಅಂದರು ಸಾಹೇಬರು.

"ತಪ್ಪಾಗಿದೆ" ಅಂದಳು. ನಾನು ಸೀಟಿನಿಂದ ಕೆಳಗಿಳಿದೆ. "ಹಿಂದೆಲ್ಲ ನಾನೂ ಆ ಗೋಡೆ ಹತ್ರ ನಿಂತು ಚಪ್ಪಾಳೆ ತಟ್ಟಿದೀನಿ. ಅದಕ್ಕೆ ಆಚೆ ಇರೋ ಮಕ್ಕಳ ಹತ್ರ ಕ್ಷಮೆ ಕೇಳ್ತೀನಿ. ಟ್ಯೂಬ್ ಒಯ್ದಿದ್ದಕ್ಕೆ ಯಾರ ಹತ್ರಾನೂ ಕೇಳಲ್ಲ. ಮುಂದಿನ ವರ್ಷಾನೂ ಒಯ್ತೀನಿ. ಆ ಮರಳು ತೆಗೆಸಿ, ಕಿಂಡಿ ಮುಚ್ಚಿಸಿ, ಆಮೇಲೆ ನನ್ನ ಕರೀರಿ."

ಹೇಳಿ, ತಿರುಗಿ, ಗಾಡಿಯ ಕಡೆ ನಡೆದಳು. ನಾನು ಬಾಗಿಲು ತೆರೆದು ಹಿಡಿದೆ.

"ಏಣಿ, ನಿಲ್ಲು."

ಮೇಸ್ತ್ರಿ. ಸೆಕ್ಷನ್ನಿನ ಕಡೆಯಿಂದ ಬರುತ್ತಿದ್ದರು, ಎರಡೂ ಕೈಯಲ್ಲಿ ಒಂದು ಉದ್ದನೆಯ ಪೆಟ್ಟಿಗೆ. ಸಾಹೇಬರನ್ನು ದಾಟಿ, ಅವರ ಮುಖವನ್ನೂ ನೋಡದೆ, ನೇರ ಇವಳ ಮುಂದೆ ಬಂದು ನಿಂತರು.

"ನೀನು ಹೋದ ಮೇಲೆ ಇಳಿಸಿದ ಟ್ಯೂಬ್ ಇವು. ಎಲ್ಲಿಡಲಿ ಹೇಳು. ಕೋಣೆಗೆ ಬೀಗ ಇದೆ."

ಅವಳು ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದಳು. ನಡುನಡುವೆ ಬಟ್ಟೆ ತುರುಕಿತ್ತು. ಒಂದೂ ಒಡೆದಿರಲಿಲ್ಲ.

ಕುತ್ತಿಗೆಯ ದಾರದಿಂದ ಕೀಲಿ ಬಿಚ್ಚಿಕೊಂಡು ಅವಳು ಮುಂದೆ ನಡೆದಳು, ಮೇಸ್ತ್ರಿ ಪೆಟ್ಟಿಗೆ ಹೊತ್ತು ಹಿಂದೆ. ಅವರ ಹಿಂದೆ ಇಡೀ ಸೆಕ್ಷನ್ನು. ಸಾಹೇಬರು ಗಡಿಯಾರ ನೋಡಿಕೊಂಡು, ಪಾಳಿ ತಡವಾಯಿತು ಅಂತ ಯಾರಿಗೋ ಬೈಯುತ್ತಾ ಒಳಗೆ ಹೋದರು. ಅಷ್ಟು ಹೊತ್ತು ಸುಮ್ಮನೆ ಡೀಸೆಲ್ ಸುಟ್ಟವನು ನಾನೊಬ್ಬನೇ.

ಅದೇ ವಾರ ಮರಳು ತೆಗೆಸಿದರು. ಅದನ್ನೂ ಚೀಲಗಳಲ್ಲಿ ತುಂಬಿ ಪರವಾನಗಿಯವರ ಗಾಡಿಯಲ್ಲೇ ಕಳಿಸಿದರು, ಇವಳು ನಿಂತು ನೋಡಿದಳು. ಕಿಂಡಿ ಮುಚ್ಚಿ, ನೀರಿಗೆ ಬೇರೆ ದಾರಿ ಮಾಡಿದರು. ಗೋಡೆಗೆ ಹೊಸ ಬಣ್ಣ ಹೊಡೆಯುವವನು ಬಂದು ಸುಣ್ಣದ ವೃತ್ತದ ಮೇಲೆ ಬ್ರಷ್ ಇಟ್ಟಾಗ ಅವಳು ತಡೆದಳು.

"ಅದೊಂದು ಹಾಗೇ ಇರ್ಲಿ" ಅಂದಳು. "ಎಲ್ಲಿಗೆ ಹೊಡೀಬಾರ್ದು ಅಂತ ನೆನಪಿರಬೇಕು."